ನಾನು ಕೊಂದ ರಂಗೂನು

ಇಂಗ್ಲಿಷ್ ಪೇಪರು ಓದಲು ಇಂಗ್ಲಿಷ್ ಬರಬೇಕಾಗಿಲ್ಲ ಎಂಬುದನ್ನು ಕೋಟದಲ್ಲಿ ಮೊದಲು ಕಂಡುಹಿಡಿದವ ನಾನು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಇಂಗ್ಲಿಷಿನಲ್ಲೇ ಬಿದ್ದಿದ್ದೆ. ಮೂರನೇ ಸಲ ಕೂರಲು ಅಪ್ಪಯ್ಯ ಬಿಡಲಿಲ್ಲ, ಶಾಲೆಯ ಬೆಂಚು ಸವೆಯುತ್ತದೆ ಅಂದರು. ಆದರೂ ಊರಿನ ಮಟ್ಟಿಗೆ ನಾನೇ ಇಂಗ್ಲಿಷ್ ಬಲ್ಲವ. ಬೀಳುವುದಕ್ಕಾದರೂ ಅಷ್ಟು ಎತ್ತರ ಹತ್ತಿದವನು ನಮ್ಮ ಕೇರಿಯಲ್ಲಿ ನಾನೊಬ್ಬನೇ ಇದ್ದೆ.

ಯುದ್ಧ ಶುರುವಾಗಿ ಎರಡು ವರ್ಷ ದಾಟಿತ್ತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಆ ಬಸ್ಸು ಕೆಮ್ಮುತ್ತ ಬಂದು ಪೇಟೆಯ ಹೋಟೆಲಿನ ಎದುರು ನಿಂತರೆ, ಮದ್ರಾಸಿನ ಇಂಗ್ಲಿಷ್ ಪೇಪರು ಮೂರು ದಿನ ಹಳತಾಗಿ ನಮ್ಮ ಕೈಗೆ ಬರುತ್ತಿತ್ತು. ಹೋಟೆಲಿನ ಯಜಮಾನರು ಅದನ್ನು ತರಿಸುತ್ತಿದ್ದದ್ದು ಓದಲು ಅಲ್ಲ, ಓದುವವರು ಬಂದರೆ ಕಾಫಿ ಕುಡಿದಾರು ಎಂದು. ಓದುವವ ನಾನು. ನನಗೆ ಕಾಫಿ ಪುಕ್ಕಟೆ. ಕೇಳುವವರು ಇಪ್ಪತ್ತು ಮೂವತ್ತು ಜನ.

ನನ್ನ ವಿಧಾನ ಹೀಗೆ. ಶಾಲೆಯ ಅಟ್ಲಾಸಿನಲ್ಲಿ ಕಲಿತ ರಾಜಧಾನಿಗಳ ಹೆಸರು ನನಗೆ ಬಾಯಿಪಾಠ. ಪುಟದಲ್ಲಿ ಅಂಥದ್ದೊಂದು ಹೆಸರು ಹುಡುಕುವುದು, ಅದರ ಮುಂದಿನ ಒಂದೆರಡು ಶಬ್ದ ಅಂದಾಜು ಮಾಡುವುದು, ಉಳಿದದ್ದನ್ನು ಹೊಟ್ಟೆಯಿಂದ ತೆಗೆಯುವುದು. ಇದಕ್ಕೆ ಇಂಗ್ಲಿಷಿನವರದ್ದೇ ಸಹಾಯವಿತ್ತು. ಅವರ ಪೇಪರಿನಲ್ಲಿ ರಾಜಧಾನಿಗಳು ಇದ್ದಲ್ಲಿ ಸುಮ್ಮನೆ ಇರುವುದಿಲ್ಲ. ಲಂಡನ್ ಹೇಳುತ್ತದೆ. ಬರ್ಲಿನ್ ಅಲ್ಲಗಳೆಯುತ್ತದೆ. ಟೋಕಿಯೋ ಹೆದರಿಸುತ್ತದೆ. ನಾವು ‘ಕುಂದಾಪುರ ಹೇಳಿತು’ ಅನ್ನುವುದಿಲ್ಲ, ಕುಂದಾಪುರದ ತಹಶೀಲ್ದಾರರು ಹೇಳಿದರು ಅನ್ನುತ್ತೇವೆ. ಇಂಗ್ಲಿಷಿನಲ್ಲಿ ತಹಶೀಲ್ದಾರರೇ ಬೇಡ, ಊರೇ ಎದ್ದು ಮಾತಾಡುತ್ತದೆ. ಊರು ಮಾತಾಡುವುದಾದರೆ ಕುಣಿಯುವುದಕ್ಕೆ ಏನು ಅಡ್ಡಿ ಎಂದು ನಾನು ಅವಕ್ಕೆಲ್ಲ ಯಕ್ಷಗಾನದ ಗೆಜ್ಜೆ ಕಟ್ಟಿದೆ. ಲಂಡನ್ ದೊಡ್ಡ ಕಿರೀಟದ ರಾಜ, ಆದರೆ ಸೊಂಟನೋವು. ಬರ್ಲಿನ್ ಮುಖದ ತುಂಬ ಬಣ್ಣ ಬಳಿದ ರಾಕ್ಷಸ, ಬರುವಾಗಲೇ ಆರ್ಭಟ. ಟೋಕಿಯೋ ಗಿರಕಿ ಹೊಡೆಯುವ ಎಳೆ ವೇಷ. ರೋಮ್ ಹಾಸ್ಯಗಾರ. ಡೆಲ್ಲಿ ಬಾಗಿಲು ಕಾಯುವ ದೂತ, ರಾಜ ಕೆಮ್ಮಿದರೆ ಕೈಮುಗಿಯುತ್ತಾನೆ. ಹೋಟೆಲಿನ ಜಗಲಿಯೇ ರಂಗಸ್ಥಳ, ಯಜಮಾನರ ಬಿಸ್ಕತ್ತಿನ ಡಬ್ಬವೇ ಚಂಡೆ. ಸಂಜೆ ಐದಕ್ಕೆ ಆಟ.

“ಹ್ವಾಯ್, ಇವತ್ತ್ ಬರ್ಲಿನ್ ಬತ್ತಾ?” ಎಂದು ಗದ್ದೆಯಿಂದಲೇ ಕೂಗಿ ಕೇಳುತ್ತಿದ್ದರು.

“ಬತ್ತ್, ಬತ್ತ್. ಬಣ್ಣ ಹಚ್ಚುತ್ತಾ ಇತ್ತ್,” ಅನ್ನುತ್ತಿದ್ದೆ ನಾನು.

ಇಷ್ಟೆಲ್ಲ ಕುಣಿಯುತ್ತಿದ್ದವನ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನೂ ಹೇಳಬೇಕು. ನನ್ನ ಅಕ್ಕನ ಗಂಡ, ನನ್ನ ಭಾವ, ರಂಗೂನಿನಲ್ಲಿ ಇದ್ದರು. ಬರ್ಮಾದ ರಾಜಧಾನಿಯಲ್ಲಿ ನಮ್ಮ ಕಡೆಯವರೇ ನಡೆಸುತ್ತಿದ್ದ ಒಂದು ಕಾಫಿ ಹೋಟೆಲಿನಲ್ಲಿ ಅಡುಗೆ. ಮದುವೆಯಾಗಿ ನಾಲ್ಕು ವರ್ಷದಲ್ಲಿ ಒಮ್ಮೆ ಬಂದು ಹೋಗಿದ್ದರು. ಅಕ್ಕ ಕಿರಿಮಂಜೇಶ್ವರದ ಗಂಡನ ಮನೆಯಲ್ಲಿ ಅತ್ತೆ ಮತ್ತು ಗಂಡನ ಅಣ್ಣನ ಜೊತೆ ಇದ್ದಳು. ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿತ್ತು. ಚಳಿಗಾಲದಲ್ಲಿ ರಂಗೂನಿನ ಮೇಲೆ ಬಾಂಬು ಬಿತ್ತು ಎಂದು ಸುದ್ದಿಯಾದ ಮೇಲೆ ಒಂದೂ ಬರಲಿಲ್ಲ. ಅಲ್ಲಿಂದ ಮುಂದೆ ನನಗೆ ಪೇಪರು ಬಿಚ್ಚುವಾಗ ಬೆರಳು ತಣ್ಣಗಾಗುತ್ತಿತ್ತು. ಆರ್ ಅಕ್ಷರದಿಂದ ಶುರುವಾಗುವ ಶಬ್ದ ಕಂಡರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ರೇಷನ್ ಎಂಬ ಶಬ್ದಕ್ಕೂ ನಾನು ಬೆವರಿದ್ದೇನೆ. ಹೆದರಿದಾಗ ಕೆಲವರು ಅಳುತ್ತಾರೆ, ಕೆಲವರು ದೇವರ ಕೋಣೆಗೆ ಹೋಗುತ್ತಾರೆ. ನನಗೆ ನಗಿಸುವ ಚಟ. ಹೆಚ್ಚು ಹೆದರಿದಷ್ಟು ಹೆಚ್ಚು ಗಿರಕಿ.

ಮಾರ್ಚಿನ ಬಿಸಿಲಿನ ಒಂದು ಸಂಜೆ ಆ ಹೆಸರು ಪುಟದ ನೆತ್ತಿಯ ಮೇಲೇ ಬಂತು. ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ. ಪಕ್ಕದಲ್ಲಿದ್ದ ಶಬ್ದದ ಅರ್ಥ ‘ಬಿತ್ತು’ ಎಂಬುದು ಎರಡು ಸಲ ಬಿದ್ದ ನನಗೂ ಗೊತ್ತಾಯಿತು. ಕೆಳಗಿನ ಸಣ್ಣ ಅಕ್ಷರಗಳೆಲ್ಲ ಇರುವೆಗಳ ಹಾಗೆ ಹರಿದಾಡಿದವು. ಮೂವತ್ತು ಜನ ನನ್ನ ಬಾಯಿ ನೋಡುತ್ತಿದ್ದರು.

“ಎಂತ ಅಂಬ್ರ್?” ಅಂದರು ಯಜಮಾನರು.

ನಾನು ಪೇಪರು ಮಡಿಚಿ ಮನೆಗೆ ಹೋಗಬಹುದಿತ್ತು. ಬದಲಿಗೆ ಎದ್ದು ನಿಂತು ರಂಗೂನಿಗೆ ವೇಷ ಕಟ್ಟಿದೆ. ಅದುವರೆಗೆ ಆ ಹೆಸರಿಗೆ ನಾನು ವೇಷವೇ ಕೊಟ್ಟಿರಲಿಲ್ಲ. ಪಂಚೆಯ ತುದಿಯನ್ನು ತಲೆಗೆ ಹೊದ್ದು, ಟೋಕಿಯೋನ ಬಾಣ ಎದೆಗೆ ತಾಗಿ, ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಉರುಳಿ, ಯಜಮಾನರ ಡಬ್ಬದ ಚಂಡೆಗೆ ಸರಿಯಾಗಿ ಮೂರು ಸಲ ಎದ್ದು ಮೂರು ಸಲ ಬಿದ್ದು, ನಾಲಿಗೆ ಹೊರಗೆ ಹಾಕಿ ಸತ್ತೆ. ಸತ್ತ ಮೇಲೆ ಒಂದು ಕಣ್ಣು ಬಿಟ್ಟು, “ರಂಗೂನ್ ಮುಗೀತ್. ಒಂದ್ ನರಪಿಳ್ಳೆ ಉಳೀಲಿಲ್ಲೆ,” ಎಂದು ಮಂಗಳವನ್ನೂ ಹಾಡಿದೆ. ಜನ ಬಿದ್ದು ಬಿದ್ದು ನಕ್ಕರು. ನಾನು ಹೋಟೆಲಿನ ಹಿಂದೆ ಹರಿಯುವ ತೋಡಿಗೆ ಹೋಗಿ, ಕುಡಿದ ಕಾಫಿಯನ್ನೆಲ್ಲ ಕಕ್ಕಿದೆ.

ಆ ದಿನ ಜಗಲಿಯ ತುದಿಯಲ್ಲಿ ಗಂಗೊಳ್ಳಿಯಿಂದ ಕಿರಿಮಂಜೇಶ್ವರದವರೆಗೆ ಮನೆಮನೆ ತಿರುಗುವ ಒಬ್ಬ ಬಳೆಗಾರ ಕೂತಿದ್ದ. ಅವನು ನಗಲಿಲ್ಲ. ಬಳೆಯ ಮಲಾರ ಬೆನ್ನಿಗೆ ಹಾಕಿಕೊಂಡು ಎದ್ದು ಹೋದ. ನಾನು ಅದನ್ನು ಕಂಡೂ ಏನೂ ಯೋಚಿಸಲಿಲ್ಲ.

ಎರಡು ವಾರ ಕಳೆದು ಭಾವನ ಅಣ್ಣನಿಂದ ಅಪ್ಪಯ್ಯನಿಗೊಂದು ಕಾರ್ಡು ಬಂತು. ಸಾವಿನ ಸುದ್ದಿಯ ಕಾಗದಕ್ಕೆ ನಮ್ಮಲ್ಲಿ ಒಂದು ಮೂಲೆ ಹರಿದು ಕಳಿಸುತ್ತಾರೆ, ಕೈಗೆ ತೆಗೆದುಕೊಳ್ಳುವಾಗಲೇ ವಿಷಯ ತಿಳಿಯಲಿ ಎಂದು. ಈ ಕಾರ್ಡಿನ ಮೂಲೆ ಹರಿದಿರಲಿಲ್ಲ. ಮಡಿಚಿತ್ತು. ಹರಿಯಲು ಹೊರಟು ಬಿಟ್ಟ ಹಾಗೆ. ಅಪ್ಪಯ್ಯ ಆ ಮಡಿಕೆಯನ್ನೇ ತುಂಬಾ ಹೊತ್ತು ನೋಡಿ ಆಮೇಲೆ ಓದಿದರು. ನನ್ನ ತಮ್ಮ ಸತ್ತ ಸುದ್ದಿ ಇಂಗ್ಲಿಷ್ ಪೇಪರಿನಲ್ಲಿ ಬಂದಿದೆಯೆಂದೂ, ಅದನ್ನು ಓದಿದವನು ನಿಮ್ಮ ಮಗನೆಂದೂ ಬಳೆಗಾರ ಬಂದು ಹೇಳಿದ್ದಾನೆ. ನಮ್ಮ ಮನೆಯ ಹೆಂಗಸರಿಗೆಲ್ಲ ಬಳೆ ತೊಡಿಸಿ, ನಿಮ್ಮ ಮಗಳು ಕೈ ಚಾಚಿದಾಗ ಮಲಾರ ಕಟ್ಟಿ ಎದ್ದ. ಶುಕ್ರವಾರ ಪುರೋಹಿತರು ಬರುತ್ತಾರೆ. ಹೆಣ ಸಿಕ್ಕದವರಿಗೆ ಮುತ್ತುಗದ ಎಲೆಯಲ್ಲಿ ಆಕಾರ ಮಾಡಿ ಸಂಸ್ಕಾರ ಮಾಡುವ ಕ್ರಮವಿದೆಯಲ್ಲ, ಅದನ್ನೇ ಮಾಡುವುದೆಂದು ನಿಶ್ಚಯವಾಗಿದೆ. ಮಾಣಿ ಆ ಪೇಪರು ಹಿಡಿದುಕೊಂಡು ಬಂದು ಪುರೋಹಿತರ ಎದುರು ಓದಿ ಹೇಳಬೇಕು.

ಅಪ್ಪಯ್ಯ ದೇವಸ್ಥಾನದ ಪರಿಚಾರಕರು. ಆ ತಿಂಗಳು ಅವರ ಸರದಿ, ಸೀಮೆ ದಾಟುವ ಹಾಗಿರಲಿಲ್ಲ.

“ಪೇಪರಂಗೆ ಅವನ ಹೆಸ್ರ್ ಇದ್ದಿತ್ತಾ?” ಅಂದರು.

“ಇಲ್ಲೆ.”

“ಮತ್ತೆ ನೀ ಎಂತ ಓದಿದ್ದ್?”

ನಾನು ಹೇಳಿದೆ. ಉರುಳಿದ್ದನ್ನೂ ಹೇಳಿದೆ. ಅವರು ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರವಾಗುತ್ತಿತ್ತು. “ನೀನೇ ಹೋಯ್ಕ್,” ಅಂದರು. “ಹತ್ನೇ ದಿನಕ್ಕೆ ನಿನ್ನ ಅಕ್ಕನ ತಲೆ ಬೋಳ್ಸ್ತ್ರ್. ಅದ್ ಗೊತ್ತಿದ್ದ್ ಹೋಗ್.”

ಅಕ್ಕನಿಗೆ ಆಗ ಇಪ್ಪತ್ತೆರಡು. ಅವಳ ಜಡೆ ಮೊಣಕಾಲಿನವರೆಗೆ. ಸಣ್ಣಂದಿನಲ್ಲಿ ನಾನು ಅದನ್ನು ಹಿಡಿದುಕೊಂಡೇ ನಡೆಯಲು ಕಲಿತದ್ದಂತೆ.

ಪೇಪರು ಹುಡುಕುವುದೇ ಒಂದು ಪರ್ವ. ಹೋಟೆಲಿನಲ್ಲಿ ಹಳೆಯ ಪೇಪರಿನ ಗತಿ ಗೊತ್ತಲ್ಲ. ಯಜಮಾನರು ತಿಂಡಿಯ ಕಪಾಟು, ಬಾಳೆಗೊನೆಯ ಮೂಲೆ, ಹಿಟ್ಟಿನ ಡಬ್ಬದ ಅಡಿ ಎಲ್ಲ ಜಾಲಾಡಿ, ಕಡೆಗೆ ಚಕ್ಕುಲಿಯ ಡಬ್ಬದ ತಳದಿಂದ ಅದನ್ನು ಎಳೆದರು. ಅರ್ಧ ಪುಟ ಪೊಟ್ಟಣವಾಗಿ ಹೋಗಿತ್ತು. ಉಳಿದ ಅರ್ಧದ ಮೇಲೆ ಎಣ್ಣೆ ಇಳಿದು ಆಚೆಯ ಅಕ್ಷರ ಈಚೆಗೆ ಕಾಣುತ್ತಿತ್ತು. ತಲೆಬರಹ ಉಳಿದಿತ್ತು. ಅದನ್ನು ಅಂಗಿಯ ಒಳಗೆ ಎದೆಗೆ ಒತ್ತಿ ಇಟ್ಟುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ ಬೆವರಿಗೆ ಮಸಿ ಬಿಟ್ಟು ಆ ಹೆಸರು ನನ್ನ ಎದೆಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಮೂಡಿತ್ತು.

ಬಸ್ಸು ಕುಂಭಾಶಿಯಲ್ಲಿ ಇದ್ದಿಲು ಕೆದಕಲು ನಿಂತಾಗ ಆನೆಗುಡ್ಡೆಯ ಕಡೆಗೆ ಕೈಮುಗಿದು ಗಣಪತಿಗೆ ನೂರೆಂಟು ಕಾಯಿ ಹರಕೆ ಹೇಳಿಕೊಂಡೆ. ನನ್ನಂಥವನು ನೂರೆಂಟು ಎಂದರೆ ಗಣಪತಿಗೂ ನಂಬಿಕೆ ಬಾರದು ಅನ್ನಿಸಿ ಎಂಟಕ್ಕೆ ಇಳಿಸಿದೆ.

ಕುಂದಾಪುರದಲ್ಲಿ ನನ್ನನ್ನು ಎರಡು ಸಲ ಬೀಳಿಸಿದ ಇಂಗ್ಲಿಷ್ ಮಾಸ್ಟ್ರ ಮನೆಗೆ ಹೋದೆ. ಅವರು ನನ್ನನ್ನು ಕಂಡ ಕೂಡಲೇ, “ಮೂರ್ನೇ ಸಲಕ್ಕೆ ಬಂದ್ಯಾ?” ಅಂದರು. ನಾನು ಎಣ್ಣೆಯ ಕಾಗದ ಬಿಡಿಸಿ ಅವರ ಮುಂದೆ ಇಟ್ಟೆ. ತಲೆಬರಹ ಕಂಡು ಅವರು ತಮಾಷೆ ನಿಲ್ಲಿಸಿದರು. ಕನ್ನಡಕ ಹಾಕಿ, ಉಳಿದಷ್ಟನ್ನೂ ಬೆರಳಿಟ್ಟು ಓದಿದರು.

“ಇದರಂಗೆ ಜನ ಸತ್ತ್ರ್ ಅಂದೇಳಿ ಎಲ್ಲೂ ಇಲ್ಲೆ,” ಅಂದರು.

“ರಂಗೂನ್ ಬಿತ್ತ್ ಅಂದೇಳಿ ಇತ್ತಲ್ದಾ?”

“ಅದೇ ಕಾಣ್.” ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. “ಇಂಗ್ಲಿಷ್‌ನವರು ರಾಜಧಾನಿ ಹೆಸರನ್ನ ಒಂದೇ ಕೆಲಸಕ್ಕೆ ಇಟ್ಕಂಬುದಿಲ್ಲ. ಸರ್ಕಾರಕ್ಕೂ ಅದೇ, ಸೈನ್ಯಕ್ಕೂ ಅದೇ, ಬಂದರಿಗೂ ಅದೇ. ನಿಮ್ಮ ಮನೆಯಂಗೆ ಮೊನ್ನೆವರೆಗೆ ಉಂಡದ್ದ್ ಎಂತ?”

“ರಂಗೂನ್ ಅಕ್ಕಿ.”

“ಹಡಗಿನ ಪಟ್ಟಿಯಂಗೆ ಅದನ್ನೂ ಬರೀ ರಂಗೂನ್ ಅಂತಲೇ ಬರೀತಾರೆ. ನನ್ನ ಈ ಬಾಗಿಲಿನ ತೇಗ, ಅದೂ ರಂಗೂನ್. ಇಲ್ಲಿ ಬಿದ್ದದ್ದು ಸರ್ಕಾರದ ಬಾವುಟ. ಒಬ್ಬರದ್ದು ಇಳೀತು, ಇನ್ನೊಬ್ಬರದ್ದು ಏರಿತು. ಅದರ ಅಡಿಯಂಗೆ ದೋಸೆ ಹೊಯ್ತಾ ಇದ್ದವನ ಸುದ್ದಿ ಇದರಂಗೆ ಇಲ್ಲೆ. ಸಾವಿರಗಟ್ಟಲೆ ಜನ ಕಾಡಿನ ದಾರಿಯಂಗೆ ನಡೆದು ಬತ್ತಾ ಇದ್ದಾರೆ ಅಂತ ಬೇರೆ ಕಡೆ ಓದಿದ್ದೇನೆ. ದಾರಿಯಲ್ಲಿ ಸತ್ತವರೂ ಇದ್ದಾರೆ.”

ನನಗೆ ಜೀವ ಬಂತು. ಎದ್ದೇ ಬಿಟ್ಟೆ. ಬಾಗಿಲಿನಲ್ಲಿ ಅವರು ಕರೆದು ನಿಲ್ಲಿಸಿದರು.

“ಅವ ಬದುಕಿದ್ದಾನಾ ಅಂತ ಕೇಳ್ರೆ ಎಂತ ಹೇಳ್ತೆ?”

“ಇದ್ದ ಅಂದೇಳಿ ಹೇಳ್ತೆ.”

“ಅದೂ ಇದರಂಗೆ ಇಲ್ಲೆ,” ಅಂದರು ಮಾಸ್ಟ್ರು.

ಗಂಗೊಳ್ಳಿಗೆ ದೋಣಿ ಹತ್ತಿದೆ. ಅಲ್ಲಿಂದ ನಡಿಗೆ. ತ್ರಾಸಿಯ ಕಡಲದಂಡೆಯ ಹೊಯಿಗೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ನಾನು ಒಬ್ಬನೇ ಬಾಯಿಪಾಠ ಮಾಡುತ್ತ ಹೋದೆ. ಇದ್ದ, ಬದುಕಿದ್ದಾನೆ ಅನ್ನುತ್ತೇನೆ. ಕಾಗದ ನೋಡಿದೆ ಅನ್ನುತ್ತೇನೆ. ಮಾಸ್ಟ್ರು ಹೇಳಿದರು ಅನ್ನುತ್ತೇನೆ. ಒಂದು ಹರದಾರಿಯೊಳಗೆ ಭಾವನನ್ನು ಕಾಡು ದಾಟಿಸಿ, ಕಲ್ಕತ್ತೆಗೆ ಮುಟ್ಟಿಸಿ, ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕೂ ಸೇರಿಸಿದೆ. ಸಂಬಳ ಎಷ್ಟೆಂದು ಯೋಚಿಸುವಾಗ ಎದುರಿನಿಂದ ಬಂದ ಒಂದು ಎತ್ತಿನ ಗಾಡಿಯವ, “ಯಾರ ಹತ್ರ ಮಾತಾಡ್ತೆ ಮರಾಯ?” ಎಂದು ಕೇಳಿ ಗಾಡಿಯನ್ನು ಸ್ವಲ್ಪ ದೂರದಿಂದಲೇ ಹೊಡೆದುಕೊಂಡು ಹೋದ.

ಕಿರಿಮಂಜೇಶ್ವರ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಕ್ಕ ಕಾಲಿಗೆ ನೀರು ಕೊಟ್ಟಳು. ಹಣೆಯಲ್ಲಿ ಕುಂಕುಮ ಇತ್ತು. ಕೈಯಲ್ಲಿ ಹಳೆಯ ನಾಲ್ಕು ಬಳೆ. ನನ್ನ ಮುಖ ನೋಡಲಿಲ್ಲ. “ಉಂಡ್ಕಂಡ್ ಮನಿಕೋ,” ಅಂದಳು ಅಷ್ಟೇ. ಎಂದೂ ನನ್ನನ್ನು ಬೈಯದೆ ಬಿಟ್ಟವಳಲ್ಲ.

ಬೆಳಿಗ್ಗೆ ಅಂಗಳಕ್ಕೆ ಬಂದರೆ ಹಲಸಿನ ಮರದ ಬುಡದಲ್ಲಿ ಕ್ಷೌರಿಕ ಕೂತು ಕತ್ತಿ ಮಸೆಯುತ್ತಿದ್ದ. ಸಂಸ್ಕಾರ ಮಾಡುವವರು ಮೊದಲು ತಲೆ ಬೋಳಿಸಿಕೊಳ್ಳಬೇಕು, ಹಾಗಾಗಿ ಭಾವನ ಅಣ್ಣ ಅವನಿಗೆ ಹೇಳಿ ಕಳಿಸಿದ್ದರು. ಪಕ್ಕದಲ್ಲಿ ಮುತ್ತುಗದ ಎಲೆಯ ಕಟ್ಟು, ದರ್ಭೆ, ಒಂದು ತೆಂಗಿನಕಾಯಿ. ಕಾಯಿ ತಲೆಗೆ ಎಂದು ಕ್ಷೌರಿಕನೇ ತಿಳಿಸಿದ. ಎಲೆಯಲ್ಲಿ ಮೈ, ಕಾಯಿಯಲ್ಲಿ ತಲೆ. ನನಗೆ ಭಾವನ ತಲೆ ನೆನಪಾಗಿ, ಮುಖ ಆಚೆ ತಿರುಗಿಸಿದೆ.

“ಇವತ್ತ್ ದೊಡ್ಡ ಒಡೇರ ತಲೆ,” ಅಂದ ಅವನು ಕತ್ತಿಯ ಅಂಚನ್ನು ಹೆಬ್ಬೆರಳಿನಿಂದ ನೋಡುತ್ತ. ಹತ್ತನೇ ದಿನದ್ದನ್ನು ಅವನು ಹೇಳಲಿಲ್ಲ. ಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ.

ಜಗಲಿಯಲ್ಲಿ ಪುರೋಹಿತರು, ಭಾವನ ಅಣ್ಣ, ಊರಿನ ಇಬ್ಬರು ಹಿರಿಯರು. ಒಳಬಾಗಿಲಿನ ಹಿಂದೆ ಅಕ್ಕನ ಅತ್ತೆ ಹೊಸ್ತಿಲು ಹಿಡಿದು ಕೂತಿದ್ದರು. ಅವರ ಹೆಗಲ ಮೇಲೆ ಅಕ್ಕನ ಮುಖದ ಅರ್ಧ ಕಾಣುತ್ತಿತ್ತು.

ಭಾವನ ಅಣ್ಣನ ಬಗ್ಗೆ ನಾನು ದಾರಿಯುದ್ದಕ್ಕೂ ಕೆಟ್ಟದ್ದೇ ಯೋಚಿಸಿದ್ದೆ. ಎದುರು ಕೂತು ನೋಡಿದರೆ ಆ ಮನುಷ್ಯನ ಕಣ್ಣು ಕೆಂಪಾಗಿ ಬಾತಿತ್ತು.

“ಮೂರ್ ಸಲ ಕನಸಿಂಗೆ ಬಂದ,” ಅಂದರು ನನಗೆ. “ಅಂಗಳದಂಗೆ ನಿಂತ್ ನೀರ್ ಕೇಂತ. ಒಳ ಬಾ ಅಂದ್ರೆ ಬತ್ತಿಲ್ಲೆ. ನಂಗೆ ಹೆದ್ರಿಕೆ ಆತ್ತ್ ಮಾಣಿ. ಸತ್ತವನಿಗೆ ನೀರ್ ಕೊಡ್ದೆ ಕೂತ್ಕಂಡ್ರೆ ನಾನೆಂತ ಅಣ್ಣ?”

ಅವರೂ ಹೆದರಿದ್ದರು. ಅದು ನಾನು ತಯಾರಿ ಮಾಡಿಕೊಂಡು ಹೋದದ್ದರಲ್ಲಿ ಇರಲಿಲ್ಲ.

ಪುರೋಹಿತರು ವಿಷಯವನ್ನು ಎರಡೇ ಮಾತಿನಲ್ಲಿ ಇಟ್ಟರು. “ಸತ್ತ ಸುದ್ದಿ ಖಂಡಿತ ಅಂದಾರೆ ಇವತ್ತೇ ಸಂಸ್ಕಾರ. ಸುದ್ದಿಯೇ ಇಲ್ಲೆ ಅಂದಾರೆ ಹನ್ನೆರಡ್ ವರ್ಷ ಕಾಯ್ಕ್. ಶಾಸ್ತ್ರ ಹಾಂಗ್ ಇತ್ತ್. ನಮ್ಗೆ ಯಾರಿಗೂ ಇಂಗ್ಲಿಷ್ ಬತ್ತಿಲ್ಲೆ. ನೀ ಓದ್ ಹೇಳ್.”

ನಾನು ಎಣ್ಣೆಯ ಕಾಗದ ತೆಗೆದೆ. ಅದು ನಾಲ್ಕು ಮಡಿಕೆಯಲ್ಲಿ ನಾಲ್ಕು ತುಂಡಾಗಿ ನೆಲಕ್ಕೆ ಬಿತ್ತು. ಎತ್ತಲು ಬಗ್ಗಿದರೆ ಹಣೆ ಕಂಬಕ್ಕೆ ತಾಗಿತು. ಹೋಟೆಲಿನಲ್ಲಾದರೆ ಇದಕ್ಕೇ ಅರ್ಧ ಗಂಟೆಯ ನಗೆ ಸಿಗುತ್ತಿತ್ತು. ಇಲ್ಲಿ ಯಾರ ಮುಖವೂ ಅಲ್ಲಾಡಲಿಲ್ಲ. ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಮಾಸ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಬಾವುಟದ್ದು ಹೇಳಿದೆ, ಅಕ್ಕಿಯದ್ದು ಹೇಳಿದೆ. ಇಂಗ್ಲಿಷಿನಲ್ಲಿ ರಂಗೂನು ಅಂದರೆ ಅಲ್ಲಿ ಇದ್ದವರೆಲ್ಲ ಎಂದಲ್ಲ, ಆಳುವವರು ಎಂದು ಹೇಳಿದೆ.

“ಹಾಂಗಾರೆ ನರಪಿಳ್ಳೆ ಉಳೀಲಿಲ್ಲೆ ಅಂದೇಳಿ ಎಲ್ ಬರ್ದಿತ್ತ್?” ಅಂದರು ಹಿರಿಯರಲ್ಲಿ ಒಬ್ಬರು.

“ಬರೀಲಿಲ್ಲೆ.”

“ಮತ್ತೆ ಬಳೆಗಾರ ಸುಳ್ಳ್ ಹೇಳ್ದ್ನಾ?”

“ಅವ ನಾ ಹೇಳದ್ದನ್ನೇ ಹೇಳದ್ದ್. ನಾನ್ ಸುಳ್ಳ್ ಹೇಳದ್ದ್.”

“ಎಂತಕೆ?”

“ಜನ ನಗ್ತಿದ್ರ್,” ಅಂದೆ. ಒಳಗಿನಿಂದ ಅತ್ತೆಯವರು ಒಂದು ಶಬ್ದ ಮಾಡಿದರು, ಅದು ಅಳುವೋ ಏನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನನಗೆ ಅಲ್ಲೇ ನೆಲ ಬಾಯಿ ಬಿಟ್ಟರೆ ಸಾಕಿತ್ತು.

ಭಾವನ ಅಣ್ಣ ಮುಂದಕ್ಕೆ ಬಗ್ಗಿದರು. “ಅದೆಲ್ಲ ಬಿಡ್. ಅವ ಇದ್ದ್ನಾ? ಬದ್ಕಿದ್ದ ಅಂದೇಳಿ ಒಂದ್ ಮಾತ್ ಹೇಳ್, ಈಗಲೇ ಎಲೆ ಎತ್ತಿ ಹೊಳೆಗ್ ಬಿಡ್ತೆ. ಆದ್ರೆ ಇಲ್ಲಲ್ಲ. ಮಿಂದ್ಕಂಡ್ ಬಂದ್ ದೇವರ ಎದ್ರ್ ಹೇಳ್. ನಿನ್ನ ಬಾಯಿ ಮೇಲೆ ನಂಗೆ ನಂಬಿಕೆ ಇಲ್ಲೆ.”

ನಮ್ಮ ಕಡೆ ಇದು ದೊಡ್ಡ ಮಾತು. ಗಡಿಯ ತಂಟೆ, ಕದ್ದ ಆಪಾದನೆ, ಯಾವುದಾದರೂ ಕೋರ್ಟಿಗಿಂತ ಮೊದಲು ದೇವರ ಎದುರು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ನಿಂತು ಸುಳ್ಳು ಹೇಳಿದವನ ಮನೆ ಏನಾಯಿತು ಎಂಬ ಕಥೆಗಳನ್ನು ತೊಟ್ಟಿಲಿನಲ್ಲೇ ಕೇಳಿರುತ್ತೇವೆ.

ದೇವಸ್ಥಾನ ಕೂಗಳತೆಯಲ್ಲಿ ಇತ್ತು. ಕೆರೆಗೆ ಇಳಿಯುವಾಗ ಪಾಚಿಯಲ್ಲಿ ಜಾರಿ ಆರು ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಮುಳುಗಿದಾಗ ನೀರಿನೊಳಗೆ ಒಂದು ಕ್ಷಣ ಯಾವ ಸದ್ದೂ ಇರಲಿಲ್ಲ, ಅಲ್ಲೇ ಇದ್ದುಬಿಡೋಣ ಅನ್ನಿಸಿತು. ಮೇಲೆ ಬಂದರೆ ಎಲ್ಲರೂ ದಂಡೆಯಲ್ಲಿ ನಿಂತಿದ್ದರು. ಅಕ್ಕನೂ ಬಂದಿದ್ದಳು.

ಗರ್ಭಗುಡಿಯ ಎದುರು ಅರ್ಚಕರು ನನ್ನ ಕೈಗೆ ಒಂದು ಕುಡಿ ತುಳಸಿ ಕೊಟ್ಟರು. ಒಳಗೆ ಒಂದೇ ದೀಪ. ಪಂಚೆಯಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ಇದ್ದ ಎಂಬ ಎರಡೇ ಅಕ್ಷರ. ಹೇಳಿದರೆ ಎಲೆ ಹೊಳೆಗೆ ಹೋಗುತ್ತದೆ, ಕ್ಷೌರಿಕ ಮನೆಗೆ ಹೋಗುತ್ತಾನೆ. ಸುಳ್ಳು ಹೇಳಿದ ಪಾಪ ನನಗೆ ತಾಗಲಿ, ಅಷ್ಟಕ್ಕೆ ನಾನು ತಯಾರಿದ್ದೆ. ಆದರೆ ಅದು ನನಗೇ ತಾಗುತ್ತದೆ ಎಂದು ಏನು ನಂಬಿಕೆ? ಮೊದಲಿನ ಸುಳ್ಳು ಕೋಟದ ಜಗಲಿಯಲ್ಲಿ ಹೇಳಿದ್ದು, ಹೋಗಿ ತಾಗಿದ್ದು ಅಕ್ಕನ ಕೈಗೆ. ಇದು ಕಾಡಿನಲ್ಲಿ ಎಲ್ಲೋ ನಡೆಯುತ್ತಿರುವವರ ಕಾಲಿಗೆ ತಾಗಿದರೆ? ಹಲ್ಲಿಗೆ ಹಲ್ಲು ಬಡಿಯತೊಡಗಿತು. ಚಳಿಯೇನೂ ಇರಲಿಲ್ಲ.

“ಹೇಳ್,” ಅಂದರು ಪುರೋಹಿತರು.

“ಸತ್ತ ಅಂದೇಳಿ ಪೇಪರಂಗೆ ಇಲ್ಲೆ,” ಅಂದೆ. “ಇದ್ದ ಅಂದೇಳಿಯೂ ಇಲ್ಲೆ. ನಂಗೆ ಗೊತ್ತಿಲ್ಲೆ.”

ನನ್ನ ಜೀವಮಾನದಲ್ಲಿ ನಾನು ಅಷ್ಟು ಚಿಕ್ಕ ಮಾತಾಡಿದ್ದು ಅದೇ ಮೊದಲು. ಭಾವನ ಅಣ್ಣ ಕಂಬಕ್ಕೆ ಒರಗಿದರು. ಬದುಕಿದ್ದಾನೆ ಎಂಬುದನ್ನೇ ಕೇಳಲು ಅವರು ಬಂದದ್ದು ಎಂದು ಆಗ ಅವರ ಮುಖ ನೋಡಿ ಗೊತ್ತಾಯಿತು. ಪುರೋಹಿತರು, “ಹಾಂಗಾರೆ ಸುದ್ದಿ ಇಲ್ಲೆ. ಕಾಯ್ಕ್,” ಅಂದರು. ನನ್ನ ಕೈಯ ತುಳಸಿಯನ್ನು ಅವರೇ ಬಿಡಿಸಿ ತೆಗೆಯಬೇಕಾಯಿತು, ಬೆರಳು ಬಿಚ್ಚುತ್ತಿರಲಿಲ್ಲ.

ಎಲೆ ಹೊಳೆಗೆ ಹೋಯಿತು. ಆ ಕಾಯಿಯನ್ನು ಮನೆಯಲ್ಲಿ ಯಾರೂ ಒಡೆಯಲು ಒಪ್ಪಲಿಲ್ಲ, ಅದೂ ಎಲೆಯ ಹಿಂದೆಯೇ ಹೋಯಿತು. ಕರೆದ ಮೇಲೆ ಬರಿಗೈಯಲ್ಲಿ ಕಳಿಸಬಾರದೆಂದು ಕ್ಷೌರಿಕನಿಗೆ ಭಾವನ ಅಣ್ಣ ಗಡ್ಡ ಒಡ್ಡಿದರು, ಆಮೇಲೆ ನನ್ನನ್ನೂ ಕೂರಿಸಿದರು. ನನ್ನ ಗದ್ದ ಇನ್ನೂ ನಡುಗುತ್ತಿತ್ತು. “ಸುಮ್ನೆ ಕೂಕಣಿ, ಕೊಯ್ದ್ ಹೋತ್ತ್,” ಎಂದು ಅವನು ಮೂರು ಸಲ ಹೇಳಿದ, ಎರಡು ಕಡೆ ಕೊಯ್ದೇ ಹೋಯಿತು.

ಹೊರಡುವಾಗ ಅಕ್ಕ ಅಂಗಳದ ತುದಿಯವರೆಗೆ ಬಂದಳು. ಅವಳ ಕಾಲಿಗೆ ಬೀಳೋಣವೆಂದು ಬಗ್ಗಿದರೆ ಕಿವಿ ಹಿಡಿದು ಎತ್ತಿದಳು.

“ಇದ್ದ ಅಂದೇಳಿ ನೀ ಹೇಳ್ತೆ ಅಂತ ಹೆದ್ರಿದ್ದೆ,” ಅಂದಳು.

“ಹೇಳ್ರೆ ಒಳ್ಳೇದಲ್ದಾ?”

“ನೀ ಹೇಳ್ರೆ ನಾ ನಂಬ್ತಿದ್ನಾ? ಗೊತ್ತಿಲ್ಲೆ ಅಂದ್ಯಲೆ. ಅದನ್ನ್ ನಂಬ್ಲಕ್ಕ್.” ಕಿವಿ ಬಿಡಲಿಲ್ಲ. “ಪೇಪರ್ ಓದುದ್ ಬಿಡ್ಬೇಡ. ಹಾರುದ್ ಬಿಡ್.”

ಈಗ ಯುದ್ಧ ಮುಗಿದಿದೆ. ಭಾವನ ಸುದ್ದಿ ಇಲ್ಲ. ಹನ್ನೆರಡರಲ್ಲಿ ಐದು ವರ್ಷ ಕಳೆಯಿತು. ಮಾಸ್ಟ್ರ ಕೈಯಲ್ಲಿ ಬರೆಸಿ ಕಲ್ಕತ್ತೆಗೂ ಡೆಲ್ಲಿಗೂ ಕಳಿಸಿದ ಅರ್ಜಿಗಳಿಗೆ ಬಂದ ಉತ್ತರದಲ್ಲೆಲ್ಲ ನಾನು ಒದ್ದೆ ಪಂಚೆಯಲ್ಲಿ ಹೇಳಿದ ಮಾತೇ ಇದೆ, ಇಂಗ್ಲಿಷಿನಲ್ಲಿ. ಮೂರನೇ ಸಲ ಕೂತು ಪಾಸಾದೆ. ಅಪ್ಪಯ್ಯ ನಂಬದೆ ನಂಬರು ಎರಡು ಸಲ ನೋಡಿದರು. ನನಗೆ ಮಾತ್ರ ಒಂದು ಹೆದರಿಕೆ ಹೋಗಿಲ್ಲ. ಅಂದು ನಾನು ಅಕ್ಕನನ್ನು ಉ‌ಳಿಸಿದೆನೋ, ಹನ್ನೆರಡು ವರ್ಷಕ್ಕೆ ಕಟ್ಟಿ ಹಾಕಿದೆನೋ, ಇದನ್ನು ಕೇಳಲು ಯಾವ ದೇವರ ಎದುರು ನಿಲ್ಲಬೇಕೆಂದು ತಿಳಿಯುತ್ತಿಲ್ಲ.

ಅಕ್ಕ ವರ್ಷಕ್ಕೆ ಎರಡು ಸಲ ಕೋಟಕ್ಕೆ ಬರುತ್ತಾಳೆ. ಬಂದಾಗ ಹೋಟೆಲಿನಿಂದ ಪೇಪರು ತರಿಸುತ್ತಾಳೆ. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುವುದಿಲ್ಲ. ಆದರೆ ಪುಟವನ್ನು ನೆಲದ ಮೇಲೆ ಹಾಸಿ, ಬೆರಳನ್ನು ಸಾಲಿನ ಮೇಲೆ ನಿಧಾನಕ್ಕೆ ಎಳೆಯುತ್ತಾ, ನಾನು ಹುಡುಕುವ ಮೊದಲೇ ಆ ಒಂದು ಹೆಸರನ್ನು ಎಲ್ಲಿದ್ದರೂ ಹಿಡಿಯುತ್ತಾಳೆ. ಬೆರಳನ್ನು ಅದರ ಮೇಲೆ ಒತ್ತಿಟ್ಟು ನನ್ನನ್ನು ಕರೆಯುತ್ತಾಳೆ.

“ಇಲ್ಲಿತ್ತ್. ಯಾವ ರಂಗೂನ್ ಕಾಣ್. ಆಳುವವ್ರದ್ದಾ, ಜನರದ್ದಾ?”

ನಾನು ಬಗ್ಗಿ ಓದುತ್ತೇನೆ. ಓದಿ ಮುಗಿಯುವವರೆಗೆ ಅವಳು ಬೆರಳು ತೆಗೆಯುವುದಿಲ್ಲ. ನಾನು ಉಸಿರು ಬಿಡುವುದಿಲ್ಲ.